ತೊಳೆದ ಮಡಕೆ

ಬೆಳಿಗ್ಗೆ ಬೇಕರಿಯ ಬಾಗಿಲು ತೆರೆದಾಗ ಮೂಗಿಗೆ ಹೊಡೆದದ್ದು ಫಿನಾಯಿಲಿನ ವಾಸನೆ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಗಂಡ ಮತ್ತೆ ಹೊಸ ಮನುಷ್ಯನಾಗಿದ್ದಾನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಬೀದಿಯವರು ಅವನಿಗಿಟ್ಟ ಹೆಸರು ‘ಇವತ್ತಿನಿಂದ’. ಇವತ್ತಿನಿಂದ ಕುಡಿಯಲ್ಲ, ಇವತ್ತಿನಿಂದ ಬೇಗ ಏಳ್ತೀನಿ, ಇವತ್ತಿನಿಂದ ಯಾರ ಮೇಲೂ ರೇಗಲ್ಲ. ಅದಕ್ಕೆ ವರ್ಷದ ಮೊದಲ ದಿನವೇ ಬರಬೇಕೆಂದಿಲ್ಲ. ಹಿಂದಿನ ಸಂಜೆ ವಿಪರೀತ ಕುಡಿದಿದ್ದರೆ ಸಾಕು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅಂತಾರಲ್ಲ, ಇವನ ಹೊಸದು ಮಧ್ಯಾಹ್ನದ ಊಟದವರೆಗೂ ಬಾಳುತ್ತಿರಲಿಲ್ಲ. ಮೊದಮೊದಲು ಅವಳು ನಂಬಿದ್ದಳು, ಆಮೇಲೆ ಜಗಳವಾಡಿದ್ದಳು. ಈಗ ಅವನು ಕೈ ಹಿಡಿದು ಬಾಯಿ ತೆರೆದರೆ ಆ ಹುಳಿತೇಗಿನ ಉಸಿರಿಗೆ ಮುಖ ತಿರುಗಿಸುತ್ತಾಳೆ, ಅಷ್ಟೇ.

ಒಳಗೆ ಅವನು ಮೊಣಕಾಲೂರಿ ನೆಲ ಉಜ್ಜುತ್ತಿದ್ದ. ಟ್ರೇಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ಮೂಲೆಯಲ್ಲಿ ದೊಡ್ಡ ಮಡಕೆ ಬೋರಲಾಗಿ ಕೂತಿತ್ತು.

“ಇದರಲ್ಲಿದ್ದ ಹಿಟ್ಟೆಲ್ಲಿ?”

“ಚರಂಡಿಗೆ ಸುರಿದೆ. ಕೊಳೆತು ನಾರ್ತಿತ್ತು ಕಣೇ. ಸೋಪು ಹಾಕಿ ಬಿಸಿನೀರಲ್ಲಿ ತೊಳ್ದಿದ್ದೀನಿ, ನೋಡು. ಎಲ್ಲಾ ಹೊಸದಾಗಿ ಶುರು ಮಾಡೋಣ.”

ಅದು ಅವಳ ಮಾವ ಮೊದಲು ಕಲೆಸಿಟ್ಟಿದ್ದ ಹುಳಿಹಿಟ್ಟು. ದಿನದ ಬ್ರೆಡ್ಡಿಗೆ ಬೇಕಾದಷ್ಟು ತೆಗೆದು, ಉಳಿದದ್ದಕ್ಕೆ ಹೊಸ ಹಿಟ್ಟು, ನೀರು ಬೆರೆಸಿ, ಮಾವ ಸತ್ತ ದಿನವೂ ತಪ್ಪಿಸದೆ ಬದುಕಿಸಿಕೊಂಡು ಬಂದದ್ದು. ಯೀಸ್ಟ್ ಹಾಕಿದ ಬ್ರೆಡ್ ಎಲ್ಲಿ ಬೇಕಾದರೂ ಸಿಗುತ್ತದೆ. ಜನ ಇಲ್ಲಿಗೆ ಬರುತ್ತಿದ್ದದ್ದು ಆ ಹುಳಿಗಾಗಿ. ಮಡಕೆ ಖಾಲಿ ಮಾಡಬಾರದು, ತೊಳೆಯಬಾರದು ಎಂಬುದು ಆ ಮನೆಯ ಮೊದಲ ಪಾಠ. ಆದರೆ ಎಷ್ಟೋ ವರ್ಷಗಳಿಂದ ಅದಕ್ಕೆ ಕೈ ಹಾಕುತ್ತಿದ್ದವಳು ಅವಳೊಬ್ಬಳೇ.

“ನಿಮ್ಮಪ್ಪ ಇಟ್ಟ ಹಿಟ್ಟು ಕಣ್ರೀ ಅದು.”

ಅವನ ಮುಖ ಪೆಚ್ಚಾಯಿತು. “ಮರ್ತೇಬಿಟ್ಟೆ. ತಪ್ಪಾಯ್ತು ಮಾರಾಯ್ತಿ. ಇವತ್ತಿನಿಂದ...”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕುಡಿದು ನಾರುವವನು ಇವನು, ತೊಳೆಸಿಕೊಂಡದ್ದು ಮಡಕೆ. ಕೋಪವಾದರೂ ಬಂದಿದ್ದರೆ ಎರಡು ಮಾತು ಬೈದು ಹಗುರಾಗುತ್ತಿದ್ದಳು. ಬಂದದ್ದು ಬರೀ ಹೇಸಿಗೆ.

ಆ ಹಿಟ್ಟಿನ ತುಂಡು ಇದ್ದದ್ದು ಇನ್ನೊಂದೇ ಕಡೆ, ಊರಿನ ಆ ತುದಿಯಲ್ಲಿ ಸಣ್ಣ ಬೇಕರಿ ಇಟ್ಟುಕೊಂಡಿದ್ದ ನಾದಿನಿಯ ಹತ್ತಿರ. ‘ಇವತ್ತಿನಿಂದ ನೀನು ನನ್ನ ತಂಗಿಯೇ ಅಲ್ಲ’ ಎಂದು ಗಂಡ ಅವಳನ್ನು ಮನೆಯಿಂದ ಹೊರಗೆ ಹಾಕಿದ್ದ. ಅವನು ಉಳಿಸಿಕೊಂಡ ಒಂದೇ ಒಂದು ಮಾತು ಅದು. ಯಾವ ಮುಖ ಹೊತ್ತು ಕೇಳುವುದು ಎಂದುಕೊಳ್ಳುತ್ತಲೇ ಅವಳು ಹೊರಟಳು. ಕೇಳದಿದ್ದರೆ ಬೇಕರಿಯ ಬಾಗಿಲು ಮುಚ್ಚಬೇಕು.

ನಾದಿನಿ ಎಲ್ಲ ಕೇಳಿಸಿಕೊಂಡಳು. ನಗಲಿಲ್ಲ.

“ಪೂರ್ತಿ ತೊಳೆದೇಬಿಟ್ನಾ?”

“ಸೋಪು ಹಾಕಿ.”

ಒಳಗೆ ಹೋಗಿ ಡಬ್ಬಿಯಲ್ಲಿ ಹಿಟ್ಟು ತುಂಬಿ ತಂದಳು. “ತಗೊಳ್ಳಿ ಅತ್ತಿಗೆ. ಆದ್ರೆ ಅವನು ಮತ್ತೆ ತೊಳೀತಾನೆ.”

ಅವಳು ಡಬ್ಬಿಯ ಮುಚ್ಚಳ ತೆಗೆದಳು. ಒಳಗಿಂದ ಎದ್ದ ಹುಳಿವಾಸನೆಯನ್ನು ಎದೆತುಂಬ ಎಳೆದುಕೊಂಡಳು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಗಂಡ.

“ಸಿಕ್ತಾ? ಬೇಗ ಬಾ. ನಾನೊಂದು ಗಟ್ಟಿ ತೀರ್ಮಾನ ಮಾಡಿದ್ದೀನಿ.”

“ಮಾಡ್ಕೊಳ್ಳಿ,” ಎಂದು ಅವಳು ಫೋನ್ ಇಟ್ಟಳು.

ನಾದಿನಿಯ ಮೇಜಿನ ಮೇಲೆ ಆವತ್ತಿನ ಹಿಟ್ಟು ಇನ್ನೂ ಕಲೆಸಿರಲಿಲ್ಲ. ಅವಳು ಡಬ್ಬಿಯನ್ನು ಅಲ್ಲೇ ಇಟ್ಟು, ಕೈ ತೊಳೆದು ಬಂದಳು.

“ಮೈದಾ ಎಲ್ಲಿಟ್ಟಿದ್ದೀಯ?” ಎಂದು ಕೇಳಿದಳು.