ಹರಾಜಿಗೆ ಬಂದ ಐರಾಣಿ

ನಾನು ಐರಾಣಿ ಗಡಿಗೆ. ಮದುವೆಮನೆಯವರು ಬಾಜಾ ಬಾರಿಸಿಕೊಂಡು ಕುಂಬಾರನ ಬಾಗಿಲಿಗೆ ಬಂದು, ಅವನ ಹೆಂಡತಿಗೆ ಉಡಿ ತುಂಬಿ, ತಲೆಯ ಮೇಲೆ ಹೊತ್ತು ಒಯ್ಯುತ್ತಾರಲ್ಲ, ಆ ಗಡಿಗೆ. ನೀರು ಕಾಯಿಸುವ ಮಡಕೆಗಳ ಸಾಲಿನಲ್ಲಿ ನನ್ನನ್ನು ಸೇರಿಸಬೇಡಿ. ಸ್ವಲ್ಪ ಸೊಕ್ಕಿದೆ, ಇರಲಿ ಬಿಡಿ.

ಕೆರೆಯ ಮಣ್ಣು ತುಳಿದು ಹದ ಮಾಡಿದವಳು ಗುರುಸಿದ್ದವ್ವ. ತಿಗರಿ ತಿರುಗಿಸಿ ನನಗೆ ಹೊಟ್ಟೆ, ಕೊರಳು ಕೊಟ್ಟವನು ಅವಳ ಗಂಡ ಸಂಗಣ್ಣ. ಆವಿಗೆಯಲ್ಲಿ ಸುಟ್ಟು, ಸುಣ್ಣದ ಗೆರೆ ಎಳೆದು, ಪೇಟೆಯ ನೀಲಮ್ಮನ ಮಗಳ ಮದುವೆಗೆಂದು ದೇವರ ಜಗಲಿಯ ಮೇಲೆ ಇಟ್ಟರು.

ಮದುವೆಗೆ ಮೊದಲೇ ನೆಲ ನಡುಗಿತು. ಜನ ಹೇಗೋ ಹೊರಗೆ ಓಡಿ ಜೀವ ಉಳಿಸಿಕೊಂಡರು. ಗೋಡೆಗಳು ಬಿದ್ದವು, ಆವಿಗೆ ಕುಸಿಯಿತು, ತಿಗರಿಗಳು ಕಲ್ಲಿನಡಿ ಸೀಳಿಹೋದವು. ಇಡೀ ಕುಂಬಾರ ಓಣಿಯಲ್ಲಿ ಒಡೆಯದೆ ಉಳಿದವಳು ನಾನೊಬ್ಬಳೇ.

ಇಟ್ಟಿಗೆ ಭಟ್ಟಿಗೆ ಆಳು ಒಯ್ಯುವ ಮುಕಾದಮನಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು! ಸೋಮವಾರ ಲಾರಿ ತರುತ್ತೇನೆ, ಮಕ್ಕಳುಮರಿ ಸಮೇತ ಹತ್ತಿಬಿಡಿ, ದೂರದ ಭಟ್ಟಿಯಲ್ಲಿ ಕೈತುಂಬ ಕೆಲಸ ಎಂದ. ಆ ಲಾರಿ ಹತ್ತಿದರೆ ಓಣಿಯ ಕಥೆ ಮುಗಿಯಿತು ಎಂದು ಗುರುಸಿದ್ದವ್ವನಿಗೆ ಗೊತ್ತಿತ್ತು. ಇಲ್ಲೇ ಉಳಿಯಲು ಆವಿಗೆ, ತಿಗರಿ, ಮೇಲೊಂದು ತಗಡು, ಇಷ್ಟಾದರೆ ಸಾಕಿತ್ತು. ಪೇಟೆಯ ವರ್ತಕರು ರವಿವಾರ ಸಹಾಯನಿಧಿಯ ಸಭೆ ಕರೆದಿದ್ದರು. ಓಣಿಯ ಗುರುತಿಗೆ ಏನಾದರೂ ತನ್ನಿ ಎಂದಿದ್ದರಿಂದ ಅವಳು ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ತೋರಿಸಿ ತರುವುದು ಎಂದುಕೊಂಡಿದ್ದಳು, ಪಾಪ.

ಅವರು ನನ್ನನ್ನು ಮೇಜಿನ ಮೇಲಿಟ್ಟು ಹರಾಜು ಕೂಗತೊಡಗಿದರು. ಭೂಕಂಪವನ್ನೇ ಗೆದ್ದ ಗಡಿಗೆಯಂತೆ! ಒಬ್ಬ ಲಾಡ್ಜಿನ ಮಾಲೀಕ ಬೆಲೆ ಏರಿಸುತ್ತಲೇ ಹೋದ. ನನ್ನೊಳಗೆ ಪ್ಲಾಸ್ಟಿಕ್ ಹೂ ತುಂಬಿ ಬಾಗಿಲಲ್ಲಿ ಇಡುತ್ತಾನಂತೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಅವನು ಕೂಗಿದ ಹಣಕ್ಕೆ ಇಡೀ ಓಣಿಯ ತಗಡು ಬರುತ್ತಿತ್ತು. ಸಂಗಣ್ಣ ಹೆಂಡತಿಯನ್ನೇ ನೋಡುತ್ತಿದ್ದ. ಎರಡನೇ ಸಲ ಎಂದು ಕೂಗಿದ್ದೇ ತಡ, ಗುರುಸಿದ್ದವ್ವ ಎದ್ದು ಬಂದು ನನ್ನ ಬಾಯಿಯ ಮೇಲೆ ಅಂಗೈ ಇಟ್ಟಳು.

“ಐರಾಣಿ ಮಾರಾಂಗಿಲ್ರಿ ಯಪ್ಪಾ. ಒಂದ್ ಹುಡುಗಿ ಹೆಸರ್ಲೆ ಮಾಡಿದ್ದೈತಿ. ಆಕಿ ಮಂದಿ ನಮ್ಮ ಬಾಗಲಿಗೆ ಬಂದು ಉಡಿ ತುಂಬಿ ಒಯ್ಬೇಕು.”

ಬಾಗಿಲೇ ಬಿದ್ದುಹೋಗಿದೆಯಲ್ಲ ಎಂದು ಯಾರೋ ನಕ್ಕರು. ಲಾಡ್ಜಿನವನು ಎದ್ದು ನಡೆದ. ಕೈಚಾಚಿ ಬಂದವರಿಗೆ ಇಷ್ಟು ಬಿಗುಮಾನವೇ ಎಂದು ವರ್ತಕರು ಗೊಣಗಿದರು. ಆಮೇಲೆ ಯಾರ ಕೈಯೂ ಜೇಬಿಗೆ ಹೋಗಲಿಲ್ಲ. ದಾರಿಯುದ್ದಕ್ಕೂ ಸಂಗಣ್ಣ ಹತ್ತು ಹೆಜ್ಜೆ ಮುಂದೆಯೇ ನಡೆದ. ಓಣಿಯವರು ಅವಳ ಮುಖವನ್ನೂ ನೋಡಲಿಲ್ಲ. ಲಾಡ್ಜಿನ ಬಾಗಿಲಲ್ಲಿ ನಾನು ಹಾಳಾಗಿ ಹೋಗಿದ್ದರೂ ಚಿಂತೆಯಿರಲಿಲ್ಲ, ಇವರಾದರೂ ಬದುಕುತ್ತಿದ್ದರು ಎಂದು ನನಗೂ ಅನ್ನಿಸಿತು.

ಸೋಮವಾರ ಲಾರಿ ಬಂತು. ಗಂಟುಮೂಟೆ ಏರಿದವು, ಸಂಗಣ್ಣನೂ ಹತ್ತಿ ಕೂತ. ಗುರುಸಿದ್ದವ್ವ ಮಾತ್ರ ನನ್ನನ್ನು ಮುಂದಿಟ್ಟುಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟಳು. ಮುಕಾದಮ ಹಾರ್ನ್ ಹೊಡೆಸಿದ. ಅವಳು ಏಳಲಿಲ್ಲ. ಮತ್ತೆ ಹೊಡೆಸಿದ.

ಆ ಗದ್ದಲದಲ್ಲೇ ಹಲಗೆ ಬಾರಿಸುವ ಸದ್ದು ಕೇಳಿಸಿತು. ಕಲ್ಲುಮಣ್ಣು ದಾಟಿಕೊಂಡು ನೀಲಮ್ಮ ಬರುತ್ತಿದ್ದಳು. ಅವಳ ಹಿಂದೆ ಪೇಟೆಯ ಹೆಂಗಸರು, ಇದೇ ಓಣಿಯ ಐರಾಣಿ ಹೊತ್ತು ಮದುವೆಯಾದವರು. ಸಭೆಯ ಸುದ್ದಿ ಅವರ ಅಡುಗೆಮನೆಗಳಿಗೆ ಮುಟ್ಟಿತ್ತು.

“ಐರಾಣಿ ಕೊಡಾಕ ಗಂಡಹೆಂಡ್ತಿ ಇಬ್ಬರೂ ಬೇಕವಾ. ಸಂಗಣ್ಣ ಎಲ್ಲಿ?” ಎಂದಳು ನೀಲಮ್ಮ.

ಗುರುಸಿದ್ದವ್ವ ಲಾರಿಯ ಕಡೆ ನೋಡಿದಳು. “ಇಳದ್ ಬರ್ರಿ” ಎಂದಳು, ಅಷ್ಟೇ. ಸಂಗಣ್ಣ ತಲೆ ತಗ್ಗಿಸಿ ಕೂತೇ ಇದ್ದ. ಡ್ರೈವರ್ ಗಾಡಿ ಚಾಲೂ ಮಾಡಿದ. ಆಗ ಅವನು ಇಳಿದ.

ಇಬ್ಬರೂ ಕೂಡಿ ನನ್ನನ್ನು ಎತ್ತಿಕೊಟ್ಟರು. ಹೆಂಗಸರು ಒಬ್ಬೊಬ್ಬರಾಗಿ ಗುರುಸಿದ್ದವ್ವನ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಖಣ, ಅದರೊಳಗೆ ಮಡಿಚಿದ ನೋಟು. ಒಬ್ಬಳು ಕಿವಿಯ ಓಲೆಯನ್ನೇ ಬಿಚ್ಚಿ ಹಾಕಿದಳು. ಗುರುಸಿದ್ದವ್ವ ಸೆರಗು ಹಿಡಿಯಲಾರದೆ ಗೊಳೋ ಎಂದು ಅತ್ತಳು. ಗಂಟುಗಳು ಒಂದೊಂದಾಗಿ ಕೆಳಗಿಳಿದವು. ಎಲ್ಲರೂ ಇಳಿಯಲಿಲ್ಲ. ಹಾಗೆ ಹೋದವರಲ್ಲಿ ಎರಡು ಮನೆಯವರು ಮರಳಲೇ ಇಲ್ಲ. ಓಣಿಯಲ್ಲಿ ಉಳಿದವರು ಮಳೆಗಾಲಕ್ಕೆ ಮೊದಲೇ ಆವಿಗೆ ಹಚ್ಚಿದರು.

ಈಗ ನಾನು ನೀಲಮ್ಮನ ಮಗಳ ಅಡುಗೆಮನೆಯ ಮೂಲೆಯಲ್ಲಿ ತೊಗರಿಬೇಳೆ ತುಂಬಿಕೊಂಡು ಕೂತಿದ್ದೇನೆ. ಅಂಚಿನ ಚಕ್ಕೆ ಎದ್ದಿದೆ, ಸುಣ್ಣದ ಗೆರೆ ಅಳಿಸಿದೆ. ಭೂಕಂಪಕ್ಕೂ ಹೆದರದ ಗಡಿಗೆ ಎಂದು ಅವಳು ಬಂದವರಿಗೆಲ್ಲ ನನ್ನನ್ನು ತೋರಿಸುತ್ತಾಳೆ. ನಿಜ, ನೆಲ ನಡುಗಿದ ದಿನ ಹೆದರಿರಲಿಲ್ಲ. ಹೆದರಿದ್ದು ಸಂಗಣ್ಣ ಲಾರಿಯಿಂದ ಇಳಿಯಲು ತಡ ಮಾಡಿದನಲ್ಲ, ಆಗ.