ಹಾಜರಿ ಕೂಗದ ಅಕ್ಕೋರು

ನಿಷತ ಟೀಚರನ್ನು ಮೆಚ್ಚುವವರು ‘ನಿಷತ ಅಕ್ಕೋರು’ ಎನ್ನುತ್ತಿದ್ದರು, ಅವರನ್ನು ಕಂಡರೆ ಮೈ ಉರಿಯುವವರು ‘ಡಬ್ಬಿ ಅಕ್ಕೋರು’ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿ ಸಿಂದಗಿ ಕಡೆಯ ಹಳ್ಳಿಗೆ ಬಂದರೂ ಅವರ ಹಟ ಒಂದಿಷ್ಟೂ ಸವೆದಿರಲಿಲ್ಲ. ಹೋದಲ್ಲೆಲ್ಲ ಮೊದಲ ವಾರವೇ ಬೆತ್ತ ಮುರಿದು ಬಿಸಿಯೂಟದ ಒಲೆಗೆ ಹಾಕುವುದು, ಹಾಜರಿ ಕೂಗುವುದನ್ನು ನಿಲ್ಲಿಸುವುದು. “ಕೈದಿಗಳನ್ನ ಎಣಿಸಿದಂಗ ಮಕ್ಕಳನ್ನ ಯಾಕ ಎಣಿಸ್ಬೇಕ್ರಿ?” ಎಂದು ಅವರ ವಾದ. ಮಕ್ಕಳೇ ಬಂದು ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ಗುರುತು ಹಾಕುತ್ತಿದ್ದರು.

ಆಮೇಲೆ ಗೋಡೆಗೊಂದು ಬಿಸ್ಕೀಟಿನ ಡಬ್ಬಿ. ಮಕ್ಕಳು ಹೆಸರು ಬರೆಯದೆ ಯಾವ ಪ್ರಶ್ನೆಯನ್ನಾದರೂ ಚೀಟಿಯಲ್ಲಿ ಬರೆದು ಅದರೊಳಗೆ ಹಾಕಬಹುದು. ಯಾರು ಬರೆದದ್ದೆಂದು ಕೇಳುವಂತಿಲ್ಲ. ಶನಿವಾರ ಎಲ್ಲರೆದುರು ಅಕ್ಕೋರು ಉತ್ತರ ಹೇಳಲೇಬೇಕು.

‘ಮಾಸ್ತರು ಸೋಮವಾರ ಯಾಕ ತಡಾ ಬರ್ತಾರ?’ ಎಂಬ ಚೀಟಿ ಬಂದದ್ದೇ ತಡ, ಸಿಟ್ಟಿಗೆದ್ದ ಮಾಸ್ತರರ ದೂರು ಮೇಲೆ ಹೋಯಿತು. ಡಬ್ಬಿ ಇರಬೇಕೋ ಕಿತ್ತು ಹಾಕಬೇಕೋ ನೋಡಲು ಶಿಕ್ಷಣ ಇಲಾಖೆಯ ಸಾಹೇಬರೇ ಬರುವ ಶನಿವಾರವೂ ಬಂತು.

ಅಂದು ಬೆಳಿಗ್ಗೆ ಹೆಡ್‌ಮಾಸ್ತರ ರೇವಣಪ್ಪ ಮೆಲ್ಲಗೆ ಡಬ್ಬಿ ತೆರೆದು, ಒಂದು ಚೀಟಿ ಹಿಡಿದು ಓಡಿಬಂದರು.

“ಇದನ್ನ ಹರದ್ ಹಾಕ್ರಿ ಅಕ್ಕೋರ. ಸಾಹೇಬ್ರ ಮುಂದ ಮರ್ಯಾದಿ ಹೋಗ್ತೈತಿ.”

ಚೀಟಿಯಲ್ಲಿದ್ದದ್ದು ಒಂದೇ ಸಾಲು: ‘ಅಕ್ಕೋರ, ನನ್ನ ಹೆಸರೇನ್ರಿ?’

ನಿಷತರಿಗೆ ಮೊದಲು ನಗು ಬಂತು, ಆಮೇಲೆ ಯಾವುದೋ ಮಗುವಿನ ಹೆಸರು ತನಗೆ ಗೊತ್ತಿಲ್ಲವೇನೋ ಎಂಬ ಅನುಮಾನ ಹೊಕ್ಕಿತು. ಆದರೂ ಚೀಟಿಯನ್ನು ಮಡಚಿ ಮತ್ತೆ ಡಬ್ಬಿಗೇ ಹಾಕಿದರು.

“ಹರದ್ರ ಡಬ್ಬಿ ಉಳೀತೈತಿ ಸರ್, ನಾ ಉಳಿಯಂಗಿಲ್ಲ.”

ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು. ನಿಷತ ಮೊದಲು ಅದೇ ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಿದರು. ಬರೆದವರು ಯಾರೆಂದು ಕೇಳುವಂತಿಲ್ಲವಲ್ಲ, ಒಬ್ಬೊಬ್ಬರ ಮುಂದೆ ನಿಂತು ಹೆಸರು ಹೇಳುತ್ತ ಹೊರಟರು. ಮುತ್ತು. ಸಗೀರಾ. ಮಾಳಿಂಗ. ನಲವತ್ತು ಹೆಸರು ಸರಾಗವಾಗಿ ಬಂದವು. ಕೊನೆಯ ಸಾಲಿನ ಮೂಲೆಯಲ್ಲಿ ಕೂತ ಹುಡುಗಿಯ ಮುಂದೆ ನಾಲಿಗೆ ನಿಂತುಬಿಟ್ಟಿತು. ಸುಜಾತಾನ ತಂಗಿ. ಮೂರು ವರ್ಷದಿಂದ ಅವಳನ್ನು ಕರೆದದ್ದೇ ಹಾಗೆ. ಅವಳ ಅಕ್ಕ ಶಾಲೆ ಬಿಟ್ಟು ಹೋಗಿಯೇ ಎರಡು ವರ್ಷವಾಗಿತ್ತು. ಹಾಜರಿ ಕೂಗಿದ್ದರೆ ದಿನಕ್ಕೊಮ್ಮೆಯಾದರೂ ಆ ಹೆಸರು ತನ್ನ ಬಾಯಲ್ಲಿ ಬರುತ್ತಿತ್ತು ಎಂದು ನಿಷತರಿಗೆ ಹೊಳೆಯಿತು.

ರೇವಣಪ್ಪ ಹಿಂದಿನಿಂದ ಹೆಸರು ಪಿಸುಗುಡಲು ಬಾಯಿ ತೆರೆದರು. ನಿಷತ ಕೈಯೆತ್ತಿ ತಡೆದು ನೆಲಕ್ಕೆ ಕೂತರು.

“ನಂಗೊತ್ತಿಲ್ಲವ್ವಾ. ತಪ್ಪು ನಂದು. ನೀನ ಹೇಳು.”

“ಸುವರ್ಣಾ ರೀ.”

ಸಾಹೇಬರು ದೂರಿನ ಕಾಗದ ಮಡಚಿ ಜೇಬಿಗಿಟ್ಟರು. “ಡಬ್ಬಿ ಇರ್ಲಿ ಬಿಡ್ರಿ,” ಎಂದರು. ನಿಷತರಿಗೆ ಅದು ಕೇಳಿಸಲೇ ಇಲ್ಲ. ಎದ್ದು ಹೋಗಿ ಹಾಜರಿ ಪುಸ್ತಕ ತಂದು, ಹಾಳೆ ಬಿಚ್ಚಿ, ಇಪ್ಪತ್ತಾರು ವರ್ಷದ ಹಟವನ್ನು ಅಲ್ಲೇ ಮುರಿದು ಗಟ್ಟಿಯಾಗಿ ಕೂಗಿದರು.

“ಸುವರ್ಣಾ!”

ಹುಡುಗಿ ಎದ್ದು ನಿಂತಳು. “ಹಾಜರ್ರಿ ಅಕ್ಕೋರ.”