ಎಮ್ಮೆಯ ಹೆಸರು

ನಮ್ಮ ಕೊಟ್ಟಿಗೆಗೂ ಸಂಕವ್ವನ ಹಿತ್ತಿಲಿಗೂ ನಡುವೆ ಎದೆಯೆತ್ತರದ ಮಣ್ಣಿನ ಗೋಡೆಯೊಂದಿತ್ತು. ಅದು ನೋಟವನ್ನು ತಡೆಯುತ್ತಿರಲಿಲ್ಲ. ಮಾತನ್ನು ತಡೆಯುತ್ತದೆಂದು ಮಾತ್ರ ಹೇಗೋ ನಾವು ನಂಬಿಕೊಂಡಿದ್ದೆವು.

ಆ ಗೋಡೆಯ ಬುಡದಲ್ಲಿ ಹರಿಯುವ ಬಚ್ಚಲ ನೀರಿನ ಸಲುವಾಗಿ ಅವ್ವನಿಗೂ ಸಂಕವ್ವನಿಗೂ ಮಾತು ನಿಂತ ವರ್ಷವೇ ಮನೆಗೆ ಎಮ್ಮೆ ಬಂತು. ದಪ್ಪ ಕುತ್ತಿಗೆ, ಹೆಜ್ಜೆಗೊಂದು ನಿಟ್ಟುಸಿರು. ಅವ್ವ ನೋಡಿದವಳೇ, "ಥೇಟ್ ಸಂಕವ್ವನ ನೋಡ್ರಿ" ಎಂದಳು. ನಾಮಕರಣ ಅಷ್ಟಕ್ಕೇ ಮುಗಿಯಿತು. ಮುಂದೆ ದಿನವೂ ಹಾಲು ಕರೆಯುವಾಗ, "ಸಂಕವ್ವಾ, ಕಾಲ್ ತಗಿ. ಎಷ್ಟ್ ಸೊಕ್ಕು ನಿನಗ!" ಮನೆಮಂದಿಗೆಲ್ಲ ಪುಕ್ಕಟೆ ನಗು.

ಹೊಳೆ ಏರಿದಾಗ ದನಗಳನ್ನು ಹಗ್ಗ ಹಿಡಿದು ಎಳೆಯಬಾರದೆಂಬುದು ನಮ್ಮೂರಿನ ರೂಢಿ. ಎಳೆದಷ್ಟೂ ಬೆದರಿದ ದನ ಹಿಂದಕ್ಕೇ ಜಗ್ಗುತ್ತದೆ. ಕಣ್ಣಿ ಬಿಚ್ಚಿ, ದಿಬ್ಬದ ಮೇಲೆ ನಿಂತು, ಹೆಸರು ಹಿಡಿದು ಕರೆಯಬೇಕು. ಅದಕ್ಕೆಂದೇ ಬೇಸಿಗೆಯಲ್ಲಿ ಎಲ್ಲರೂ ದಿಬ್ಬಕ್ಕೆ ಹೋಗಿ ಕೂಗಿ ಕೂಗಿ ದನಗಳನ್ನು ಪಳಗಿಸುತ್ತಿದ್ದರು. ನಾವು ಮಾತ್ರ ಹೋಗಲಿಲ್ಲ. ಊರೆದುರು ಆ ಹೆಸರು ಕೂಗುವುದಾದರೂ ಹೇಗೆ? ನಮ್ಮ ತಾಲೀಮು ಕೊಟ್ಟಿಗೆಯೊಳಗೇ ನಡೆಯಿತು.

ಆ ಮಳೆಗಾಲ ಹೊಳೆ ಊರೊಳಗೆ ಬಂತು. ದಿಬ್ಬದಿಂದ "ಗೌರೀ", "ಚಂದ್ರೀ" ಎಂಬ ಕೂಗು. ದನಗಳು ಒಂದೊಂದೇ ಮೇಲೇರಿದವು. ನಮ್ಮದು ಓಣಿಯ ನಡುವೆ ಹಾಯಾಗಿ ನಿಂತಿತ್ತು. ಎಮ್ಮೆಗೆ ನೀರೆಂದರೆ ಸುಖ. ಓಣಿಯ ತುದಿಯಲ್ಲಿ ಬೇವಿನ ಮರವನ್ನೇ ಕಿತ್ತೊಯ್ದ ಸೆಳವಿರುವುದು ಅದಕ್ಕೇನು ಗೊತ್ತು?

ಅಪ್ಪ "ಬಾ, ಬಾ" ಎಂದ. ಅವ್ವ "ಲಕ್ಷ್ಮೀ" ಎಂದಳು. ಆ ಕ್ಷಣಕ್ಕೆ ಹುಟ್ಟಿದ ಹೆಸರು. ಎಮ್ಮೆ ಕಿವಿಯನ್ನೂ ಆಡಿಸಲಿಲ್ಲ. ಸಂಕವ್ವ ನಮ್ಮ ಪಕ್ಕದಲ್ಲೇ, ತನ್ನ ಮೇಕೆಮರಿಯನ್ನು ಅವಚಿಕೊಂಡು ನಿಂತಿದ್ದಳು.

"ಹೆಸರ್ ಹಿಡಿದ್ ಕರೀರಿ! ಹೆಸರಿಲ್ಲೇನ್ ಅದಕ್ಕ?" ಯಾರೋ ಗದರಿದರು.

ಅಪ್ಪ ಅವ್ವನನ್ನು ನೋಡಿದ, ಅವ್ವ ನನ್ನನ್ನು ನೋಡಿದಳು. ನಾನು ನನ್ನ ಕಾಲ್ಬೆರಳುಗಳನ್ನು ನೋಡಿಕೊಂಡೆ. ನೀರು ಎಮ್ಮೆಯ ಬೆನ್ನು ಮುಟ್ಟಿತು. ಅದರ ಕಾಲು ಒಮ್ಮೆ ಜಾರಿತು.

ಸಂಕವ್ವ ಮರಿಯನ್ನು ನನ್ನ ಕೈಗೆ ತುರುಕಿ ಮುಂದೆ ಹೋದಳು.

"ಸಂಕವ್ವಾ!" ಆಕೆಯ ಬಾಯಲ್ಲಿ ಅವ್ವನದೇ ದನಿ, ಅವ್ವನದೇ ಎಳೆತ. "ಏ ಸಂಕವ್ವಾ, ಕಾಲ್ ತಗಿ! ಎಷ್ಟ್ ಸೊಕ್ಕು ನಿನಗ!"

ಎಮ್ಮೆ ತಲೆಯೆತ್ತಿತು. ನಿಟ್ಟುಸಿರು ಬಿಟ್ಟು, ಬಂತು.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. "ತಗೋರಿ, ನಿಮ್ಮ ಸಂಕವ್ವ" ಎಂದು ಆಕೆ ಮರಿಯನ್ನು ಮರಳಿ ಇಸಿದುಕೊಂಡಳು.

ನೀರಿಳಿದ ಮೇಲೆ ನೋಡಿದರೆ ಗೋಡೆ ಕರಗಿಹೋಗಿತ್ತು. ಮತ್ತೆ ಕಟ್ಟುವ ಮಾತನ್ನು ಯಾರೂ ಎತ್ತಲಿಲ್ಲ. ಹಾಲು ಕರೆಯುವ ಹೊತ್ತಿಗೆ ಅವ್ವ ತಂಬಿಗೆ ಹಿಡಿದು ಬಾಯಿ ಬಿಡದೆ ಕೂರುತ್ತಿದ್ದಳು. ಎಮ್ಮೆ ಕಾಲು ತೆಗೆಯದೆ ನಿಂತಿರುತ್ತಿತ್ತು, ಗೋಡೆಯಿದ್ದ ಜಾಗದಾಚೆಗೆ ಕಿವಿ ನಿಮಿರಿಸಿ, ಯಾರಾದರೂ ಹೆಸರು ಹಿಡಿದು ಕರೆದಾರೆಂದು.